ಗುರುವಿನ ಕೆರದ ಬಾರು: ಕ್ರೈಸ್ತ ಶಿಷ್ಯತ್ವದ ಯೆಹೂದಿ ಬೇರುಗಳು

ಯೆಹೂದಿ ಗುರುಗಳ ಮಾತು, ವಾದ, ಕಥೆಗಳ ದೊಡ್ಡ ಸಂಗ್ರಹವಾದ ಬಾಬಿಲೋನಿಯಾದ ತಾಲ್ಮುಡ್‌ನಲ್ಲಿ ಒಂದು ತಮಾಷೆಯ ಕಥೆ ಇದೆ. ರಾವ್ ಅಂತ ಮೂರನೇ ಶತಮಾನದ ಒಬ್ಬ ದೊಡ್ಡ ಗುರು. ಅವನ ಶಿಷ್ಯ ಕಹಾನ. ಈ ಶಿಷ್ಯ ಒಮ್ಮೆ ಗುರುವಿನ ಮಂಚದ ಕೆಳಗೆ ಹೋಗಿ ಅಡಗಿಕೊಳ್ಳುತ್ತಾನೆ. ಮೇಲೆ ಗುರು ಹೆಂಡತಿಯ ಜೊತೆ ಮಾತಾಡುತ್ತಾ, ನಗುತ್ತಾ ಇದ್ದಾನೆ. ಕೆಳಗಿದ್ದವನು ತಡೆಯಲಾರದೆ ಏನೋ ಒಂದು ಮಾತು ಆಡಿಬಿಡುತ್ತಾನೆ. ಗುರುವಿಗೆ ಗಾಬರಿ. "ಕಹಾನ, ನೀನಾ? ಆಚೆ ನಡಿ, ಇದು ಸಭ್ಯತೆ ಅಲ್ಲ" ಅನ್ನುತ್ತಾನೆ. ಶಿಷ್ಯನ ಉತ್ತರ: "ಇದೂ ತೋರಾ. ನಾನು ಕಲಿಯಲೇಬೇಕು." (ತೋರಾ ಅಂದರೆ ಯೆಹೂದ್ಯರ ಧರ್ಮಶಾಸ್ತ್ರ.)

ಇದನ್ನು ದಾಖಲಿಸಿದವರೂ ನಗುತ್ತಲೇ ದಾಖಲಿಸಿರಬೇಕು. ಆದರೂ ಯೆಹೂದ್ಯರಲ್ಲಿ ಶಿಷ್ಯ ಅಂದರೆ ಯಾರು ಅನ್ನುವುದು ಈ ಕಥೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಗುರು ಹೇಳಿಕೊಟ್ಟ ಪಾಠ ಒಪ್ಪಿಸಿದರೆ ಅವನ ಕೆಲಸ ಮುಗಿಯುತ್ತಿರಲಿಲ್ಲ. ಗುರು ಹೇಗೆ ಉಣ್ಣುತ್ತಾನೆ, ಹೇಗೆ ಪ್ರಾರ್ಥನೆ ಮಾಡುತ್ತಾನೆ, ಬಡವ ಬಾಗಿಲಿಗೆ ಬಂದರೆ ಏನು ಮಾಡುತ್ತಾನೆ, ಮನೆಯವರ ಜೊತೆ ಹೇಗಿರುತ್ತಾನೆ, ಎಲ್ಲವೂ ಪಾಠವೇ.

ಯೇಸು 12 ಮಂದಿಯನ್ನು ಆರಿಸಿಕೊಂಡದ್ದನ್ನು ಮಾರ್ಕನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ (ಮಾರ್ಕ 3:14). ಅವರು ತನ್ನ ಸಂಗಡ ಇರಬೇಕು. ಸುವಾರ್ತೆ ಸಾರಲು ತಾನು ಅವರನ್ನು ಕಳುಹಿಸಬೇಕು. ಇರುವುದು ಈ ಎರಡೇ ಉದ್ದೇಶ. ಮೊದಲನೆಯದನ್ನು ನಮ್ಮ ಸಭೆಗಳಲ್ಲಿ ಶಿಷ್ಯತ್ವ ಅನ್ನುತ್ತಾರೆ, ಎರಡನೆಯದನ್ನು ಸೇವೆ ಅನ್ನುತ್ತಾರೆ. ಎರಡಕ್ಕೂ ಮಾದರಿ ಯೆಹೂದ್ಯರ ನಡುವೆ ಮೊದಲೇ ಇತ್ತು. ಯೇಸು ಅದನ್ನು ಎತ್ತಿಕೊಂಡು ಕೆಲವು ಕಡೆ ಬೇಕಂತಲೇ ಬದಲಾಯಿಸಿದ. ಹಳೆಯ ಮಾದರಿ ಗೊತ್ತಿಲ್ಲದಿದ್ದರೆ ಎಲ್ಲಿ ಬದಲಾಯಿಸಿದ ಅನ್ನುವುದೇ ನಮಗೆ ಕಾಣುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಯೇಸು ತೀರಿಕೊಂಡದ್ದು ಸುಮಾರು ಕ್ರಿ.ಶ. 30ರಲ್ಲಿ. ಯೆಹೂದಿ ಗುರುಗಳ ಮಾತುಗಳನ್ನು ಮಿಷ್ನಾ ಎಂದು ಒಟ್ಟುಮಾಡಿದ್ದು ಸುಮಾರು 200ರಲ್ಲಿ. ತಾಲ್ಮುಡ್ ಇನ್ನೂ ಕೆಲವು ಶತಮಾನ ತಡವಾಗಿ ಬಂತು. ಹಾಗಾಗಿ ತಾಲ್ಮುಡ್‌ನಲ್ಲಿ ಕಂಡದ್ದನ್ನೆಲ್ಲ ಎತ್ತಿ ನೇರವಾಗಿ ಗಲಿಲಾಯ ಸಮುದ್ರದ ದಂಡೆಗೆ ತಂದು ಇಡುವಂತಿಲ್ಲ. ಅದರ ಮಾತಿಗೆ ಹಳೇ ಒಡಂಬಡಿಕೆ, ಮೃತ ಸಮುದ್ರದ ಬಳಿ ಸಿಕ್ಕ ಕುಂರಾನ್ ಸುರುಳಿಗಳು, ಹೊಸ ಒಡಂಬಡಿಕೆ ಇಂಥ ಹಳೆಯ ಬರಹಗಳು ದನಿಗೂಡಿಸಿದರೆ ಮಾತ್ರ ಧೈರ್ಯವಾಗಿ ನಂಬಬಹುದು.

ಕೈಗೆ ನೀರು ಹಾಕಿದವನು

ಬೇರು ಹುಡುಕುತ್ತಾ ಹೋದರೆ ಹಳೇ ಒಡಂಬಡಿಕೆಯ ಪ್ರವಾದಿ ಎಲೀಯ ಮತ್ತು ಅವನ ಶಿಷ್ಯ ಎಲೀಷರ ಹತ್ತಿರ ಹೋಗಿ ನಿಲ್ಲುತ್ತೇವೆ. ಎಲೀಷ 12 ಜೋಡಿ ಎತ್ತುಗಳನ್ನು ಕಟ್ಟಿ ಹೊಲ ಉಳುತ್ತಿದ್ದಾನೆ, ಹನ್ನೆರಡನೇ ಜೋಡಿಯನ್ನು ತಾನೇ ನಡೆಸುತ್ತಿದ್ದಾನೆ. ಎಲೀಯ ಬಂದು ತನ್ನ ಕಂಬಳಿಯನ್ನು ಅವನ ಮೇಲೆ ಹಾಕಿ ಮುಂದೆ ಹೋಗುತ್ತಾನೆ. ಎಲೀಷ ಓಡಿ ಬಂದು, ಅಪ್ಪ ಅಮ್ಮನಿಗೆ ಮುದ್ದಿಟ್ಟು ಬರುತ್ತೇನೆ ಅನ್ನುತ್ತಾನೆ. ಆಮೇಲೆ ಎತ್ತುಗಳನ್ನು ಕೊಯ್ದು, ನೊಗದ ಮರವನ್ನೇ ಸೌದೆ ಮಾಡಿ, ಊರಿಗೆ ಊಟ ಹಾಕಿ ಹೊರಡುತ್ತಾನೆ. ವಾಪಸ್ ಬರುವ ದಾರಿಯನ್ನು ತಾನೇ ಸುಟ್ಟುಕೊಂಡ.

ಲೂಕ 9ರಲ್ಲಿ ಒಬ್ಬ ಯೇಸುವಿಗೆ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾನೆ: ಮನೆಯವರಿಗೆ ಹೇಳಿ ಬರುತ್ತೇನೆ. ನೇಗಿಲಿಗೆ ಕೈ ಹಾಕಿ ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎಂದು ಯೇಸು ಉತ್ತರಿಸುತ್ತಾನೆ. ಎಲೀಷನ ಕಥೆ ಗೊತ್ತಿಲ್ಲದವರಿಗೆ ಇದು ಸುಮ್ನೆ ಒಂದು ಖಾರದ ಮಾತು. ಆದರೆ ಅಲ್ಲಿ ನಿಂತಿದ್ದ ಯೆಹೂದಿಗಳಿಗೆ ಆ ನೇಗಿಲು ಯಾರದ್ದು ಅಂತ ತಕ್ಷಣ ಹೊಳೆದಿರುತ್ತದೆ. ಎಲೀಯ ಹೋಗಿ ಬಾ ಅಂದಿದ್ದ. ಇಲ್ಲಿ ಅದಕ್ಕೂ ಅವಕಾಶ ಇಲ್ಲ.

ಮುಂದೆ ಎಲೀಷನನ್ನು ಜನ ಗುರುತಿಸುವುದು ಹೇಗೆ? ಎಲೀಯನ ಕೈಗೆ ನೀರು ಹಾಕುತ್ತಿದ್ದವನು ಎಂದು (2 ಅರಸುಗಳು 3:11). ತಾಲ್ಮುಡ್‌ನ ಗುರುಗಳು ಈ ವಚನವನ್ನು ಹಿಡಿದುಕೊಂಡರು. ಎಲೀಯನ ಹತ್ತಿರ ಕಲಿತವನು ಅಂತ ಬರೆದಿಲ್ಲ, ನೀರು ಹಾಕಿದವನು ಅಂತ ಬರೆದಿದೆ. ಅಂದರೆ ಗುರುವಿನ ಸೇವೆ ಪಾಠಕ್ಕಿಂತ ದೊಡ್ಡದು ಎಂದು ವಾದಿಸಿದರು. ಸೇವೆ ಮಾಡುವವನು ಗುರುವಿನ ಹತ್ತಿರವೇ ಇರುತ್ತಾನೆ, ಹತ್ತಿರ ಇದ್ದವನಿಗೆ ಪಾಠದಲ್ಲಿ ಸಿಗದೇ ಇರುವುದೂ ಸಿಗುತ್ತದೆ.

ಕನ್ನಡದ ಓದುಗರಿಗೆ ಇಲ್ಲಿ ಗುರುಕುಲ ನೆನಪಾಗುತ್ತದೆ, ಅಲ್ವಾ? ಹೋಲಿಕೆ ಸರಿಯೇ ಇದೆ. ಗುರುವಿನ ಜೊತೆ ಬಾಳುವುದು, ಕೆಲಸ ಮಾಡುತ್ತಾ ಕಲಿಯುವುದು, ಬಾಯಿಪಾಠ, ಎಲ್ಲವೂ ಇದೆ. ಯೆಹೂದ್ಯರಲ್ಲಿ ವಾದದ ಭರಾಟೆ ಮಾತ್ರ ಜಾಸ್ತಿ. ತಾಲ್ಮುಡ್‌ನ ಪುಟಪುಟದಲ್ಲೂ ಶಿಷ್ಯರು ಗುರುವಿನ ಮಾತಿಗೆ ಅಡ್ಡ ಪ್ರಶ್ನೆ ಹಾಕುತ್ತಾರೆ. ಪೇತ್ರ ಯೇಸುವಿನ ಜೊತೆ ಮೂರು ಮೂರು ಸಲ ವಾದಕ್ಕೆ ಇಳಿಯುವುದನ್ನು ಓದಿ ಎಂಥ ಒರಟ ಎಂದು ನಾವು ಅಂದುಕೊಳ್ಳುತ್ತೇವೆ. ಆ ಕಾಲದವರಿಗೆ ಅದರಲ್ಲಿ ಅಷ್ಟೊಂದು ವಿಚಿತ್ರ ಕಂಡಿರಲಾರದು.

ಗುರುವಿನ ಸ್ಥಾನ ಎಷ್ಟು ದೊಡ್ಡದು ಅನ್ನುವುದಕ್ಕೆ ಮಿಷ್ನಾದ ಒಂದು ಕಾನೂನು ನೋಡಿ. ನಿನ್ನ ಅಪ್ಪನೂ ನಿನ್ನ ಗುರುವೂ ಏನೋ ಕಳೆದುಕೊಂಡಿದ್ದಾರೆ. ಮೊದಲು ಯಾರದ್ದು ಹುಡುಕಿ ಕೊಡಬೇಕು? ಗುರುವಿನದು. ಅಪ್ಪ ನಿನ್ನನ್ನು ಈ ಲೋಕಕ್ಕೆ ತಂದ, ಗುರು ಮುಂದಿನ ಲೋಕಕ್ಕೆ ಒಯ್ಯುತ್ತಾನೆ. ಇಬ್ಬರೂ ಸೆರೆ ಸಿಕ್ಕಿದ್ದರೆ ಮೊದಲು ಗುರುವನ್ನು ಬಿಡಿಸಬೇಕು. ಅಪ್ಪನೂ ಪಂಡಿತನಾಗಿದ್ದರೆ ಮಾತು ಬೇರೆ ಅಂತ ಒಂದು ವಿನಾಯಿತಿಯನ್ನೂ ಸೇರಿಸಿದ್ದಾರೆ. ತಂದೆ ತಾಯಿಯನ್ನು ಹಗೆಮಾಡದವನು ನನ್ನ ಶಿಷ್ಯನಾಗಲಾರನು ಎಂಬ ಯೇಸುವಿನ ಮಾತನ್ನು (ಲೂಕ 14:26) ಇದರ ಪಕ್ಕ ಇಟ್ಟು ಓದಿದರೆ ಅದರ ಒರಟುತನ ಹೋಗುವುದಿಲ್ಲ ನಿಜ. ಆದರೆ ಅದು ಯಾವ ಲೆಕ್ಕದ ಮಾತು ಅನ್ನುವುದು ಗೊತ್ತಾಗುತ್ತದೆ.

ನೊಗವೂ ಹಾಗೆಯೇ. "ನನ್ನ ನೊಗವನ್ನು ನಿಮ್ಮ ಮೇಲೆ ತೆಗೆದುಕೊಂಡು ನನ್ನಲ್ಲಿ ಕಲಿಯಿರಿ" ಎಂಬ ಮಾತು ಮತ್ತಾಯ 11ರಲ್ಲಿದೆ. ಅದಕ್ಕೂ 200 ವರ್ಷ ಮೊದಲು ಯೆರೂಸಲೇಮಿನಲ್ಲಿದ್ದ ಬೆನ್ ಸಿರಾ ಎಂಬ ಗುರು, ತಿಳಿವಳಿಕೆ ಇಲ್ಲದವರೇ ನನ್ನ ಹತ್ತಿರ ಬನ್ನಿ, ನನ್ನ ಪಾಠದ ಮನೆಯಲ್ಲಿ ತಂಗಿ, ನಿಮ್ಮ ಕತ್ತನ್ನು ಜ್ಞಾನದ ನೊಗಕ್ಕೆ ಕೊಡಿ ಎಂದು ಕರೆದಿದ್ದ. ಗುರು ಶಿಷ್ಯರನ್ನು ಕರೆಯುವ ಮಾತೇ ಅದು. ಯೇಸು ಅದೇ ಮಾತು ಆಡಿ, ತನ್ನ ನೊಗ ಹಗುರ ಎಂದು ಸೇರಿಸಿದ.

ಪ್ರಸಂಗದಲ್ಲಿ ಕೇಳಿದ್ದೆಲ್ಲ ನಿಜವಲ್ಲ

ಈಚೆಗೆ ಯೆಹೂದಿ ಬೇರುಗಳ ಬಗ್ಗೆ ಆಸಕ್ತಿ ಬೆಳೆದಿದೆ, ಜೊತೆಗೆ ಕಟ್ಟುಕಥೆಗಳೂ ಬೆಳೆದಿವೆ. ಯೂಟ್ಯೂಬ್‌ನಲ್ಲಿ ಆಗಾಗ ಕೇಳುವ ಒಂದು ಪ್ರಸಂಗ ಹೀಗಿರುತ್ತದೆ. ಯೆಹೂದಿ ಹುಡುಗರು 5 ವರ್ಷಕ್ಕೆ ಶಾಲೆ ಸೇರುತ್ತಿದ್ದರು. 10ಕ್ಕೆ ಮುಂದಿನ ಹಂತ. ಅದರಲ್ಲಿ ಜಾಣರನ್ನು ಮಾತ್ರ ರಬ್ಬಿಗಳು (ಯೆಹೂದಿ ಗುರುಗಳು) ಆರಿಸಿಕೊಳ್ಳುತ್ತಿದ್ದರು, ಉಳಿದವರು ಮೀನು ಹಿಡಿಯಲು ಹೋಗುತ್ತಿದ್ದರು. ಯೇಸು ಅಂಥ ಫೇಲಾದವರನ್ನು ಕರೆದ. ಕೇಳಲು ಚೆನ್ನಾಗಿದೆ. ಆದರೆ ಆ ವಯಸ್ಸಿನ ಪಟ್ಟಿ ಮಿಷ್ನಾದ ಪಿರ್ಕೆ ಅವೋತ್ ಭಾಗದ ಕೊನೆಗೆ ಬರುತ್ತದೆ. ಅದನ್ನು ಆಮೇಲೆ ಸೇರಿಸಿದ್ದು ಎಂದು ವಿದ್ವಾಂಸರು ಭಾವಿಸುತ್ತಾರೆ. ಯೇಸುವಿನ ಕಾಲದ ಗಲಿಲಾಯದಲ್ಲಿ ಅಂಥ ಹಂತಹಂತದ ಶಾಲೆಗಳು ಇದ್ದವು ಅನ್ನಲು ಆಧಾರ ಇಲ್ಲ. ಪೇತ್ರ, ಯೋಹಾನರು ಫೇಲಾದವರು ಎಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಯೋಹಾನನ ತಂದೆ ಜೆಬೆದಾಯನ ದೋಣಿಯಲ್ಲಿ ಕೂಲಿ ಆಳುಗಳಿದ್ದರು ಎಂದು ಮಾರ್ಕನೇ ಬರೆದಿದ್ದಾನೆ.

ಇನ್ನೊಂದು, ಗುರುವಿನ ಧೂಳು. ಶಿಷ್ಯ ಗುರುವಿನ ಹಿಂದೆ ಎಷ್ಟು ಹತ್ತಿರ ನಡೆಯಬೇಕೆಂದರೆ ಗುರುವಿನ ಕಾಲ ಧೂಳು ಅವನ ಮೈತುಂಬ ಬೀಳಬೇಕು ಅನ್ನುತ್ತಾರೆ. ಮೂಲದಲ್ಲಿ ಯೋಸೆ ಬೆನ್ ಯೋಯೆಜೆರ್ ಎಂಬ ಹಳೆಯ ಗುರುವಿನ ಮಾತು ಬೇರೆ ರೀತಿ ಇದೆ. ನಿನ್ನ ಮನೆ ಪಂಡಿತರು ಸೇರುವ ಜಾಗ ಆಗಲಿ, ಅವರ ಕಾಲ ಧೂಳಿನಲ್ಲಿ ಕೂತುಕೋ, ಬಾಯಾರಿದವನ ಹಾಗೆ ಅವರ ಮಾತು ಕುಡಿ. ಇದು ಮನೆಯೊಡೆಯನಿಗೆ ಹೇಳಿದ್ದು. ಇದಕ್ಕೆ ಸರಿಯಾಗಿ ಹೊಂದುವ ದೃಶ್ಯ ಲೂಕ 10ರಲ್ಲಿದೆ. ಮಾರ್ಥ ತನ್ನ ಮನೆಗೆ ಗುರುವನ್ನು ಕರೆಯುತ್ತಾಳೆ. ತಂಗಿ ಮರಿಯ ಆತನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ. ಗಮಲಿಯೇಲನ ಪಾದದ ಬಳಿ ಕಲಿತೆ ಎಂದು ಪೌಲ ಹೇಳಿಕೊಂಡದ್ದೂ ಇದೇ ಭಂಗಿ. ಇಷ್ಟು ಒಳ್ಳೆಯ ನಿಜ ಕೈಯಲ್ಲಿರುವಾಗ ಮೈಮೇಲೆ ಧೂಳು ಹಾರಿಸುವ ಅಗತ್ಯ ಏನಿದೆಯೋ ನನಗೆ ಗೊತ್ತಿಲ್ಲ.

ಶಿಷ್ಯ ಮಾಡಬಾರದ ಒಂದು ಕೆಲಸ

ಈಗ ಕೆರದ ಬಾರಿಗೆ ಬರೋಣ. ಇಡೀ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು.

ಯೆಹೋಶುವ ಬೆನ್ ಲೇವಿ ಎಂಬ ಮೂರನೇ ಶತಮಾನದ ಗುರುವಿನ ಮಾತು ತಾಲ್ಮುಡ್‌ನಲ್ಲಿದೆ. ಆಳು ತನ್ನ ಯಜಮಾನನಿಗೆ ಮಾಡುವ ಎಲ್ಲ ಕೆಲಸವನ್ನೂ ಶಿಷ್ಯ ಗುರುವಿಗೆ ಮಾಡಬೇಕು, ಒಂದನ್ನು ಬಿಟ್ಟು. ಗುರುವಿನ ಕೆರ ಬಿಚ್ಚಬಾರದು. ಯಾಕೆ? ನೋಡಿದವರು ಇವನನ್ನು ನಿಜವಾದ ಗುಲಾಮ ಅಂದುಕೊಳ್ಳುತ್ತಾರೆ. ಅದಕ್ಕೇ ಮುಂದೆ ಒಬ್ಬ ಗುರು ತಿದ್ದುಪಡಿ ತರುತ್ತಾನೆ. ಗುರುತು ಪರಿಚಯ ಇಲ್ಲದ ಊರಿನಲ್ಲಿ ಮಾತ್ರ ಬೇಡ, ಎಲ್ಲರಿಗೂ ಗೊತ್ತಿರುವ ಊರಿನಲ್ಲಾದರೆ ಪರವಾಗಿಲ್ಲ ಅನ್ನುತ್ತಾನೆ. ಅಂದರೆ ಸೇವೆಗೂ ಗುಲಾಮಗಿರಿಗೂ ನಡುವೆ ಎಳೆದ ಗೆರೆ ಆ ಕೆರದ ಬಾರು.

ಈಗ ಸ್ನಾನಿಕನಾದ ಯೋಹಾನನ ಮಾತು ಓದಿ. ನನಗಿಂತ ಶಕ್ತನು ನನ್ನ ಹಿಂದೆ ಬರುತ್ತಾನೆ, ಆತನ ಕೆರಗಳ ಬಾರನ್ನು ಬೊಗ್ಗಿ ಬಿಚ್ಚುವುದಕ್ಕೂ ನಾನು ಯೋಗ್ಯನಲ್ಲ. ನಾಲ್ಕು ಸುವಾರ್ತೆಗಳಲ್ಲೂ ಕೆರದ ಮಾತು ಬರುತ್ತದೆ, ಮತ್ತಾಯನಲ್ಲಿ ಮಾತ್ರ ಬಿಚ್ಚುವ ಬದಲು ಹೊರುವುದು ಎಂದಿದೆ. ಯೋಹಾನ ಬೇರೆ ಯಾವ ಕೆಲಸವನ್ನು ಬೇಕಾದರೂ ಹೇಳಬಹುದಿತ್ತು. ಶಿಷ್ಯನಿಗೂ ಕೀಳು ಎನ್ನಿಸುವ ಕೆಲಸವನ್ನೇ ಆರಿಸಿಕೊಂಡ. ಯೋಹಾನ ಸ್ವತಃ ಶಿಷ್ಯರಿದ್ದ ಗುರು ಅನ್ನುವುದನ್ನೂ ಮರೆಯಬೇಡಿ. ಇನ್ನೂರು ವರ್ಷ ಆಮೇಲೆ ಗುರುವೊಬ್ಬ ಹೇಳಿದ ನಿಯಮದ ಹಿಂದಿನ ಭಾವನೆ ಯೊರ್ದನ್ ನದಿಯ ದಡದಲ್ಲಿ ಆಗಲೇ ಇತ್ತು ಅನ್ನಲು ಈ ಮಾತೇ ಸಾಕ್ಷಿ.

ಹೀಗಿರುವಾಗ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ತೆರೆಯಿರಿ. ಗುರು ಊಟದಿಂದ ಎದ್ದು ಸೊಂಟಕ್ಕೆ ಕೈಪಾವಡ ಕಟ್ಟಿಕೊಳ್ಳುತ್ತಾನೆ. ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತಾನೆ. ಇಬ್ರಿಯ ಗುಲಾಮನಿಂದ ಯಜಮಾನ ಕಾಲು ತೊಳೆಸಿಕೊಳ್ಳಬಾರದು ಎಂದು ವಿಮೋಚನಕಾಂಡದ ಹಳೆಯ ಯೆಹೂದಿ ವ್ಯಾಖ್ಯಾನ ಹೇಳುತ್ತದೆ. ದಾವೀದನ ಆಳುಗಳ ಕಾಲು ತೊಳೆಯುವ ದಾಸಿ ನಾನು ಎಂದು ಅಬೀಗೈಲ್ ಹೇಳಿದಾಗ ಅವಳು ತನ್ನನ್ನು ಎಲ್ಲರಿಗಿಂತ ಕೆಳಗೆ ಇಳಿಸಿಕೊಂಡಿದ್ದಳು. ಪೇತ್ರ "ನೀನು ನನ್ನ ಕಾಲು ಎಂದಿಗೂ ತೊಳೆಯಬಾರದು" ಎಂದು ಕೂಗುವುದಕ್ಕೆ ಕಾರಣ ಬರೀ ಸಂಕೋಚ ಅಲ್ಲ. ಅವನು ಕಲಿತ ಶಿಷ್ಯಧರ್ಮವೇ ತಲೆಕೆಳಗಾಗುತ್ತಿತ್ತು. ಎಲೀಷ ಎಲೀಯನ ಕೈಗೆ ನೀರು ಹಾಕಬೇಕು. ಎಲೀಯ ಎಲೀಷನ ಕಾಲಿಗೆ ಹಾಕುವುದುಂಟೇ?

ಆಮೇಲೆ ಯೇಸು, ನೀವು ನನ್ನನ್ನು ಗುರುವೆಂದೂ ಕರ್ತನೆಂದೂ ಕರೆಯುತ್ತೀರಿ, ಅದು ಸರಿ, ನಾನು ಅಂಥವನೇ ಅನ್ನುತ್ತಾನೆ. ಗುರುವಿನ ಸ್ಥಾನವನ್ನು ಬಿಟ್ಟುಕೊಟ್ಟದ್ದಲ್ಲ. ಆ ಸ್ಥಾನದಲ್ಲಿ ಕೂತೇ ಗುಲಾಮನ ಕೆಲಸ ಮಾಡಿದ್ದು. ಪವಿತ್ರ ಗುರುವಾರ ಚರ್ಚುಗಳಲ್ಲಿ ಪಾದ ತೊಳೆಯುವ ವಿಧಿ ನಡೆಯುವಾಗ ಈ ಬಿಸಿ ಸ್ವಲ್ಪ ಕಡಿಮೆಯಾಗಿಬಿಟ್ಟಿರುತ್ತದೆ. ಮೊದಲೇ ಸೋಪು ಹಾಕಿ ತೊಳೆದುಕೊಂಡು ಬಂದ ಕಾಲುಗಳು ಅವು.

ಇನ್ನೂ ಎರಡು ಬದಲಾವಣೆ

ನಿನಗೊಬ್ಬ ಗುರುವನ್ನು ಮಾಡಿಕೋ ಎಂದು ಪಿರ್ಕೆ ಅವೋತ್ ಹೇಳುತ್ತದೆ. ಹುಡುಕಿಕೊಂಡು ಹೋಗುವ ಕೆಲಸ ಶಿಷ್ಯನದು. ಯೇಸು ತಾನೇ ದೋಣಿಯ ಹತ್ತಿರ ಹೋಗಿ ಕರೆದ. ಇದರಲ್ಲಿ ರಬ್ಬಿಗಳಿಗಿಂತ ಎಲೀಯನ ಛಾಯೆ ಜಾಸ್ತಿ.

ಎರಡನೆಯದು ಇನ್ನೂ ಮುಖ್ಯ. ಯೆಹೂದಿ ಶಿಷ್ಯ ಮುಂದೊಂದು ದಿನ ತಾನೇ ಗುರು ಆಗುತ್ತಾನೆ. ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಗುರುವಿಗೆ ಐವರು ಹೆಸರಾಂತ ಶಿಷ್ಯರು. ಅವರಲ್ಲಿ ಎಲಿಯೇಜೆರ್ ಮತ್ತು ಯೆಹೋಶುವ ದೊಡ್ಡ ಗುರುಗಳಾದರು. ಅವರ ಶಿಷ್ಯ ಅಕೀವ ಅವರಿಗಿಂತ ದೊಡ್ಡ ಹೆಸರು ಮಾಡಿದ. "ತುಂಬಾ ಶಿಷ್ಯರನ್ನು ನಿಲ್ಲಿಸಿ" ಎಂಬುದು ಪಿರ್ಕೆ ಅವೋತ್‌ನ ಮೊದಲ ವಾಕ್ಯಗಳಲ್ಲೇ ಬರುವ ಮಾತು. ಮತ್ತಾಯನ ಕೊನೆಯಲ್ಲೂ ಅದೇ ಆಜ್ಞೆ: ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿ. ಆದರೆ ಯಾರ ಶಿಷ್ಯರು? ಪೇತ್ರನಿಗೆ ಸ್ವಂತ ಶಿಷ್ಯರಿಲ್ಲ. ನೀವು ರಬ್ಬಿ ಅನ್ನಿಸಿಕೊಳ್ಳಬೇಡಿ, ಒಬ್ಬನೇ ನಿಮ್ಮ ಬೋಧಕ, ನೀವೆಲ್ಲ ಸಹೋದರರು ಎಂದು ಮತ್ತಾಯ 23 ಹೇಳುತ್ತದೆ. ಕೊರಿಂಥದಲ್ಲಿ ಒಬ್ಬ ನಾನು ಪೌಲನವನು, ಇನ್ನೊಬ್ಬ ನಾನು ಅಪೊಲ್ಲೋಸನವನು ಅಂದಾಗ ಪೌಲನಿಗೆ ಸಿಟ್ಟು ಬಂದದ್ದು ಇದಕ್ಕೇ. ಸಾಮಾನ್ಯ ಯೆಹೂದಿ ಲೆಕ್ಕದಲ್ಲಿ ಅದರಲ್ಲಿ ತಪ್ಪೇನೂ ಇರಲಿಲ್ಲ. ಹಿಲ್ಲೇಲನ ಮನೆ, ಶಮ್ಮಾಯನ ಮನೆ ಎಂದು ಇಬ್ಬರು ಗುರುಗಳ ಹೆಸರಿನಲ್ಲಿ ಎರಡು ಬಣಗಳೇ ಇದ್ದವಲ್ಲ.

ಹಾಗಂತ ಪೌಲ ಹಳೆಯ ಕ್ರಮ ಬಿಟ್ಟನೇ? ಇಲ್ಲ. ನಾನು ಕ್ರಿಸ್ತನನ್ನು ಅನುಸರಿಸುವಂತೆ ನೀವು ನನ್ನನ್ನು ಅನುಸರಿಸಿ ಎಂದು ಬರೆಯುತ್ತಾನೆ. ತಿಮೊಥೆಯನ್ನು ಕಳುಹಿಸುವಾಗ, ನನ್ನ ನಡೆಯನ್ನು ಅವನು ನಿಮಗೆ ನೆನಪು ಮಾಡುತ್ತಾನೆ ಅನ್ನುತ್ತಾನೆ. ನೋಡಿ ಕಲಿಯಬೇಕು, ಅಷ್ಟೇ. ಕಹಾನನಷ್ಟು ಹತ್ತಿರ ಹೋಗಿ ನೋಡಬೇಕಿಲ್ಲ.

ಹೆಂಗಸರ ವಿಷಯದಲ್ಲಿ ಎಚ್ಚರ ಬೇಕು. ಯೇಸುವಿನ ಜೊತೆ ಮಗ್ದಲದ ಮರಿಯ, ಹೆರೋದನ ಅಧಿಕಾರಿ ಕೂಜನ ಹೆಂಡತಿ ಯೋಹಾನ್ನ, ಸುಸನ್ನ ಮೊದಲಾದವರು ಊರೂರು ತಿರುಗಿದರು, ತಮ್ಮ ಹಣದಿಂದ ಖರ್ಚು ನೋಡಿಕೊಂಡರು. ಇದು ದೊಡ್ಡ ಸಂಗತಿ. ಆದರೆ ಯೆಹೂದಿ ಧರ್ಮ ಹೆಂಗಸರನ್ನು ತುಳಿದಿತ್ತು, ಯೇಸು ಬಿಡಿಸಿದ ಎಂದು ಹೇಳುವುದು ಸುಲಭದ ಉಪಾಯ. ಮಗಳಿಗೆ ತೋರಾ ಕಲಿಸುವುದು ತಪ್ಪು ಎಂದು ಮಿಷ್ನಾದಲ್ಲಿ ಒಬ್ಬ ಗುರು ಹೇಳುತ್ತಾನೆ, ನಿಜ. ಅದೇ ಜಾಗದಲ್ಲಿ ಬೆನ್ ಅಜ್ಜಾಯ್ ಕಲಿಸಲೇಬೇಕು ಅನ್ನುತ್ತಾನೆ. ಸ್ಮುರ್ನದಲ್ಲಿ ಸಿಕ್ಕ ಒಂದು ಶಾಸನ ರೂಫಿನ ಎಂಬ ಹೆಂಗಸನ್ನು ಸಭಾಮಂದಿರದ ಮುಖ್ಯಸ್ಥೆ ಎಂದು ಕರೆಯುತ್ತದೆ. ಯೇಸುವಿನ ಹಿಂದೆ ಹೊರಟ ಆ ಹೆಂಗಸರೂ ಯೆಹೂದಿಗಳೇ ಅಲ್ವಾ?

ಕಳುಹಿಸಿದವನು, ಕಳುಹಿಸಲ್ಪಟ್ಟವನು

ಮಾರ್ಕನ ವಾಕ್ಯದ ಎರಡನೇ ಅರ್ಧಕ್ಕೆ ಬರೋಣ. ಯೆಹೂದಿ ಕಾನೂನಿನಲ್ಲಿ ಪ್ರತಿನಿಧಿಗೆ ಖಚಿತವಾದ ಸ್ಥಾನ ಇತ್ತು. ಮನುಷ್ಯ ಕಳುಹಿಸಿದವನು ಆ ಮನುಷ್ಯನ ಹಾಗೆಯೇ ಎಂದು ಮಿಷ್ನಾ ಹೇಳುತ್ತದೆ. ಈ ಮಾತು ಬರುವ ಸಂದರ್ಭ ಸ್ವಾರಸ್ಯ. ಸಭೆಯ ಪರವಾಗಿ ಪ್ರಾರ್ಥನೆ ಹೇಳುವವನು ನಡುವೆ ತಪ್ಪಿದರೆ ಅದು ಅವನನ್ನು ಕಳುಹಿಸಿದ ಸಭೆಗೇ ಕೆಟ್ಟ ಶಕುನ. ಪ್ರತಿನಿಧಿ ಮದುವೆ ಗೊತ್ತುಮಾಡಬಹುದು, ವಿಚ್ಛೇದನದ ಪತ್ರ ಒಯ್ಯಬಹುದು. ಸೌಲ (ಮುಂದೆ ಪೌಲನಾದವನು) ದಮಸ್ಕಕ್ಕೆ ಮಹಾಯಾಜಕನ ಪತ್ರ ಹಿಡಿದು ಹೊರಟದ್ದು ಇಂಥ ಕೆಲಸಕ್ಕೇ. "ನಿಮ್ಮನ್ನು ಸೇರಿಸಿಕೊಳ್ಳುವವನು ನನ್ನನ್ನು ಸೇರಿಸಿಕೊಳ್ಳುತ್ತಾನೆ" ಎಂದು ಯೇಸು ಅಪೊಸ್ತಲರಿಗೆ, ಅಂದರೆ ತಾನು ಕಳುಹಿಸಿದ ಆ 12 ಮಂದಿಗೆ, ಹೇಳಿದ್ದರಲ್ಲಿ ಈ ಕಾನೂನೇ ಇದೆ. ಕಾಲು ತೊಳೆದ ಕೂಡಲೇ ಆತ ಇದನ್ನೇ ತಿರುಗಿಸಿ, ಕಳುಹಿಸಲ್ಪಟ್ಟವನು ಕಳುಹಿಸಿದವನಿಗಿಂತ ದೊಡ್ಡವನಲ್ಲ ಅಂದ. ಕಳುಹಿಸಿದವನೇ ಕಾಲು ತೊಳೆದ ಮೇಲೆ ಪ್ರತಿನಿಧಿ ಏನು ಮಾಡಬೇಕು ಅನ್ನುವುದು ಲೆಕ್ಕ ಹಾಕಿದರೆ ಸಿಗುವ ಉತ್ತರ.

ಇವತ್ತು ಮಂಗಳೂರಿನಲ್ಲೋ ಧಾರವಾಡದಲ್ಲೋ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನಲ್ಲಿ ಪಾದ್ರಿ ದೀಕ್ಷೆ ನಡೆದರೆ ಬಿಷಪ್ ತಲೆಯ ಮೇಲೆ ಕೈ ಇಡುತ್ತಾರೆ. ಕಥೋಲಿಕರಲ್ಲೂ ಅದೇ ಕ್ರಮ. ಅರಣ್ಯಕಾಂಡ 27ರಲ್ಲಿ ಮೋಶೆ ಯೆಹೋಶುವನ ತಲೆಯ ಮೇಲೆ ಕೈ ಇಟ್ಟದ್ದು ಇದರ ಮೂಲ. ಅಪೊಸ್ತಲರ ಕೃತ್ಯ 6ರಲ್ಲಿ ಏಳು ಮಂದಿಯ ಮೇಲೆ, 13ರಲ್ಲಿ ಬಾರ್ನಬ ಮತ್ತು ಸೌಲರ ಮೇಲೆ ಕೈ ಇಡುತ್ತಾರೆ. ರಬ್ಬಿಗಳೂ ಗುರುದೀಕ್ಷೆಗೆ 'ಕೈ ಇಡುವುದು' ಎಂಬ ಹೆಸರನ್ನೇ ಇಟ್ಟುಕೊಂಡರು. ಅದಕ್ಕೆ ಅವರು ಎಷ್ಟು ಬೆಲೆ ಕೊಟ್ಟರು ಅನ್ನುವುದಕ್ಕೆ ತಾಲ್ಮುಡ್‌ನಲ್ಲಿ ಒಂದು ಕಥೆ ಇದೆ. ರೋಮಿನ ಸರ್ಕಾರ ದೀಕ್ಷೆಯನ್ನೇ ನಿಷೇಧಿಸಿತು. ಕೊಟ್ಟವನಿಗೂ ಪಡೆದವನಿಗೂ ಮರಣದಂಡನೆ, ಅದು ನಡೆದ ಊರು ಪೂರ್ತಿ ನಾಶ. ಆಗ ಯೆಹೂದ ಬೆನ್ ಬಾವ ಎಂಬ ಮುದುಕ ಒಂದು ಉಪಾಯ ಮಾಡಿದ. ಉಶಾ ಮತ್ತು ಶೆಫಾರಾಮ್ ಊರುಗಳ ನಡುವೆ, ಯಾವ ಊರಿಗೂ ಸೇರದ ಜಾಗದಲ್ಲಿ, ಎರಡು ಬೆಟ್ಟಗಳ ಮಧ್ಯೆ ಕೂತು ಐದು ಮಂದಿಗೆ ದೀಕ್ಷೆ ಕೊಟ್ಟ. ಅಷ್ಟರಲ್ಲಿ ಸೈನಿಕರು ಬಂದರು. "ಮಕ್ಕಳೇ, ಓಡಿ" ಅಂದ. "ನಿಮ್ಮ ಗತಿ?" ಎಂದು ಅವರು ಕೇಳಿದರು. "ಯಾರೂ ಉರುಳಿಸಲಾಗದ ಕಲ್ಲಿನ ಹಾಗೆ ಇಲ್ಲೇ ಇರುತ್ತೇನೆ" ಅಂದ. 300 ಈಟಿಗಳು ಅವನ ಮೈಯನ್ನು ಜರಡಿ ಮಾಡಿದವು ಎಂದು ತಾಲ್ಮುಡ್ ಹೇಳುತ್ತದೆ. ಓಡಿ ಉಳಿದವರಲ್ಲಿ ಮೇಯಿರ್ ಒಬ್ಬ. ಮಿಷ್ನಾದಲ್ಲಿ ಅವನ ಮಾತಿಗೆ ತುಂಬಾ ದೊಡ್ಡ ಜಾಗ ಇದೆ.

ವಿಚಿತ್ರ ಏನೆಂದರೆ ಕೈ ಇಡುವ ಕ್ರಿಯೆಯನ್ನು ರಬ್ಬಿಗಳು ಕಾಲಕ್ರಮದಲ್ಲಿ ಬಿಟ್ಟರು. ನಿಜವಾಗಿ ಕೈ ಇಡುತ್ತಾರಾ ಎಂದು ತಾಲ್ಮುಡ್‌ನಲ್ಲೇ ಒಬ್ಬ ಕೇಳುತ್ತಾನೆ. ಇಲ್ಲ, ರಬ್ಬಿ ಎಂಬ ಹೆಸರು ಕೊಟ್ಟರೆ ಸಾಕು ಎಂದು ಉತ್ತರ. ಮೋಶೆಯ ಕೈ ಉಳಿದದ್ದು ಚರ್ಚಿನಲ್ಲಿ.

ಸಭೆಯ ಉಳಿದ ಏರ್ಪಾಡು ಹೆಚ್ಚಾಗಿ ಸಭಾಮಂದಿರದಿಂದ ಬಂತು. 1913ರ ಹೊತ್ತಿಗೆ ಯೆರೂಸಲೇಮಿನಲ್ಲಿ ಒಂದು ಗ್ರೀಕ್ ಶಾಸನ ಸಿಕ್ಕಿತು. ಥಿಯೊಡೊಟಸ್ ಎಂಬ ಯಾಜಕ ಹಾಕಿಸಿದ್ದು. ಅವನೂ, ಅವನ ಅಪ್ಪನೂ, ತಾತನೂ ಸಭಾಮಂದಿರದ ಮುಖ್ಯಸ್ಥರು. ಧರ್ಮಶಾಸ್ತ್ರ ಓದುವುದಕ್ಕೆ, ಆಜ್ಞೆಗಳನ್ನು ಕಲಿಸುವುದಕ್ಕೆ ಈ ಮಂದಿರ ಕಟ್ಟಿದೆ ಎಂದು ಅದರಲ್ಲಿದೆ. ಪರಊರಿನಿಂದ ಬಂದವರಿಗೆ ಕೋಣೆಗಳು, ನೀರಿನ ವ್ಯವಸ್ಥೆ. ಮೊದಲು ಅಡಿಪಾಯ ಹಾಕಿದವರಲ್ಲಿ ಹಿರಿಯರ ಹೆಸರೂ ಇದೆ. ಕ್ರಿ.ಶ. 70ಕ್ಕೆ ಮೊದಲಿನದು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಓದು, ಬೋಧನೆ, ಹಿರಿಯರು, ಅತಿಥಿಗಳಿಗೆ ಜಾಗ: ಪೌಲ ಊರೂರಲ್ಲಿ ಕಟ್ಟಿದ ಸಭೆಗಳ ನಕ್ಷೆ ಇಲ್ಲೇ ಇದೆ. ನಜರೇತಿನಲ್ಲಿ ಯೇಸು ನಿಂತು ಯೆಶಾಯನ ಸುರುಳಿ ಓದಿ, ಅದನ್ನು ಸೇವಕನ ಕೈಗೆ ಕೊಟ್ಟು, ಕೂತು ಬೋಧಿಸಿದ ಎಂದು ಲೂಕ 4 ಹೇಳುತ್ತದೆ. ಓದುವಾಗ ನಿಲ್ಲುವುದು, ಕಲಿಸುವಾಗ ಕೂರುವುದು ಅವರ ಪದ್ಧತಿ.

ಬಡವರ ಪಾಲು ನೋಡಿಕೊಳ್ಳುವ ಕೆಲಸವೂ ಹೊಸದಲ್ಲ. ಮಿಷ್ನಾದಲ್ಲಿ ಎರಡು ಏರ್ಪಾಡು ಬರುತ್ತವೆ. ಒಂದು ದಿನದ ಅನ್ನದ ಪಾತ್ರೆ, ಇನ್ನೊಂದು ವಾರದ ಹುಂಡಿ. ಎರಡು ಊಟಕ್ಕೆ ಇದ್ದವನು ಪಾತ್ರೆಯಿಂದ ತೆಗೆದುಕೊಳ್ಳಬಾರದು, 14 ಊಟಕ್ಕೆ ಇದ್ದವನು ಹುಂಡಿಗೆ ಕೈ ಚಾಚಬಾರದು. ಹುಂಡಿಯ ಹಣ ಇಬ್ಬರು ಎತ್ತಬೇಕು, ಮೂವರು ಸೇರಿ ಹಂಚಬೇಕು. ದುಡ್ಡಿನ ವಿಷಯದಲ್ಲಿ ಒಬ್ಬನನ್ನೇ ನಂಬಬೇಡಿ ಅಂತ. ಅಪೊಸ್ತಲರ ಕೃತ್ಯ 6ರಲ್ಲಿ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಮೋಸ ಆಗುತ್ತಿದೆ ಎಂಬ ಗೊಣಗಾಟ ಎದ್ದಾಗ ಏಳು ಮಂದಿಯನ್ನು ನೇಮಿಸಿದ್ದು ಇಂಥ ಹಿನ್ನೆಲೆಯಲ್ಲೇ. ಏಳೂ ಗ್ರೀಕ್ ಹೆಸರುಗಳು, ಗಮನಿಸಿ. ಗೊಣಗಿದವರ ಕಡೆಯವರ ಕೈಗೇ ಹಂಚಿಕೆ ಕೊಟ್ಟಂತಿದೆ.

ಕುಂರಾನಿನ ಪಂಗಡದಲ್ಲಿ ಹೊಸಬರನ್ನು ಪರೀಕ್ಷಿಸಿ, ಆಸ್ತಿಯ ಲೆಕ್ಕ ನೋಡುವ ಒಬ್ಬ ಮೇಲ್ವಿಚಾರಕ ಇದ್ದ. ಮುಂದೆ ಬಿಷಪ್ ಆಗುವ ಹುದ್ದೆಗೂ ಅವನಿಗೂ ನೇರ ನಂಟು ಇದೆ ಎಂದು ಸಾಬೀತಾಗಿಲ್ಲ. ಹೋಲಿಕೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಸಂಬಳದ ಪ್ರಶ್ನೆ ಆಗಲೂ ಇತ್ತು. ತೋರಾವನ್ನು ಅಗೆಯುವ ಗುದ್ದಲಿ ಮಾಡಿಕೊಳ್ಳಬೇಡ ಎಂದು ಪಿರ್ಕೆ ಅವೋತ್ ಹೇಳುತ್ತದೆ. ಗುರುಗಳು ಕಸುಬು ಮಾಡಿ ಬದುಕುತ್ತಿದ್ದರು. ಅಕೀವನ ಒಬ್ಬ ಶಿಷ್ಯನ ಅಡ್ಡಹೆಸರೇ ಕೆರ ಹೊಲಿಯುವವನು ಎಂದು. ಪೌಲ ಡೇರೆ ಹೊಲಿದು ಊಟ ಸಂಪಾದಿಸಿದ್ದು ಇದೇ ಜಾಡಿನಲ್ಲಿ. ಆದರೂ 1 ಕೊರಿಂಥ 9ರಲ್ಲಿ ಸುವಾರ್ತೆ ಸಾರುವವನಿಗೆ ಜೀವನಾಧಾರದ ಹಕ್ಕು ಇದೆ ಎಂದು ವಾದಿಸುತ್ತಾನೆ. ಅದಕ್ಕೆ ಆಧಾರ, ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂಬ ಮೋಶೆಯ ಆಜ್ಞೆ. ಎತ್ತಿಗೇ ಇಷ್ಟಾದರೆ ಮನುಷ್ಯನಿಗೆ ಎಷ್ಟು ಎಂಬುದು ಅಚ್ಚ ರಬ್ಬಿಗಳ ತರ್ಕ. ಹಕ್ಕು ಇದೆ ಎಂದು ಸಾಧಿಸಿ, ನನಗೆ ಬೇಡ ಎಂದು ಬಿಟ್ಟ. ಮೊದಲ ಕಾಲದ ಕ್ರೈಸ್ತರ ಕೈಪಿಡಿ ದಿದಖೆ ಇನ್ನೂ ಖಡಕ್. ತಿರುಗಾಡುವ ಅಪೊಸ್ತಲ ಬಂದರೆ ಒಂದು ದಿನ ಇರಿಸಿಕೊಳ್ಳಿ, ಬೇಕಾದರೆ ಎರಡು. ಮೂರನೇ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹಣ ಕೇಳಿದರೂ ಅಷ್ಟೇ.

ಬೇರು ಮರೆತದ್ದು

ಇಷ್ಟೆಲ್ಲ ಇದ್ದದ್ದು ಮರೆತುಹೋಯಿತು ಹೇಗೆ? ಒಂದೇ ದಿನ ಆಗಲಿಲ್ಲ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯ ಸುಟ್ಟರು. 132ರಿಂದ 135ರ ದಂಗೆಯ ಮೇಲೆ ಯೆರೂಸಲೇಮಿಗೆ ಯೆಹೂದ್ಯರು ಕಾಲಿಡದಂತೆ ಮಾಡಿದರು. ಅಷ್ಟರಲ್ಲಿ ಸಭೆಗಳಲ್ಲಿ ಅನ್ಯಜನರೇ ತುಂಬಿದ್ದರು. ರೋಮಿನಲ್ಲಿ ಮಾರ್ಸಿಯನ್ ಎಂಬುವನು ಹಳೇ ಒಡಂಬಡಿಕೆಯನ್ನೇ ಬಿಸಾಡಬೇಕು ಅಂದ. 144ರಲ್ಲಿ ಸಭೆ ಅವನನ್ನೇ ಹೊರಗೆ ಹಾಕಿತು. ಆದರೂ ಸಾಮಾನ್ಯ ಜನ ಬೇಗ ಬೇರೆಯಾಗಲಿಲ್ಲ. 386ರಲ್ಲಿ ಅಂತಿಯೋಕ್ಯದ ಯೋಹಾನ ಕ್ರಿಸೊಸ್ತೊಮ್ ತನ್ನ ಸಭೆಯವರ ಮೇಲೆ ಕೆಂಡ ಕಾರುತ್ತಾನೆ. ಇವರು ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಾರೆ, ಸಭಾಮಂದಿರದಲ್ಲಿ ಆಣೆ ಮಾಡಿದರೆ ಹೆಚ್ಚು ಗಟ್ಟಿ ಅಂದುಕೊಂಡಿದ್ದಾರೆ ಎಂದು. ಅವನ ಬೈಗುಳವೇ ನಮಗೆ ಸಾಕ್ಷಿ.

ಆ ಬೈಗುಳ ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದೂ ಗೊತ್ತಿದೆ. 1939ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ ಪ್ರೊಟೆಸ್ಟೆಂಟ್ ಪಂಡಿತರೇ ಸೇರಿ ಚರ್ಚಿನಿಂದ ಯೆಹೂದಿ ಪ್ರಭಾವ ಅಳಿಸುವ ಸಂಸ್ಥೆ ತೆರೆದರು. ಯೇಸು ಯೆಹೂದಿಯೇ ಅಲ್ಲ ಎಂದು ಬರೆದರು. ಯುದ್ಧ ಮುಗಿದ ಮೇಲೆ ತಿದ್ದುವ ಕೆಲಸ ಶುರುವಾಯಿತು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಯೇಸುವಿನ ಸಾವಿನ ಹೊಣೆಯನ್ನು ಎಲ್ಲ ಯೆಹೂದ್ಯರ ಮೇಲೆ ಹೊರಿಸಬಾರದು ಎಂದು ಘೋಷಿಸಿತು. ಗೇಜಾ ವೆರ್ಮೆಸ್, ಇ. ಪಿ. ಸ್ಯಾಂಡರ್ಸ್, ಏಮಿ-ಜಿಲ್ ಲಿವೈನ್ ಮೊದಲಾದ ವಿದ್ವಾಂಸರು ಯೇಸುವನ್ನು ಆತನ ಜನರ ನಡುವೆ ಮತ್ತೆ ಕೂರಿಸಿದರು.

ಪ್ರಸಂಗದ ಮಾತು ಮಾತ್ರ ಅಷ್ಟಾಗಿ ಬದಲಾಗಿಲ್ಲ. ಫರಿಸಾಯರು ಯೇಸುವಿನ ಕಾಲದ ಒಂದು ಯೆಹೂದಿ ಪಂಗಡ. ಆದರೆ ಫರಿಸಾಯ ಎಂಬುದು ಕನ್ನಡದ ಸಭೆಗಳಲ್ಲೂ ಕಪಟಿಗೆ ಇನ್ನೊಂದು ಹೆಸರಾಗಿ ಉಳಿದಿದೆ. ಹೆರೋದನು ನಿನ್ನನ್ನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಡು ಎಂದು ಯೇಸುವಿಗೆ ಎಚ್ಚರಿಕೆ ಕೊಟ್ಟವರು ಫರಿಸಾಯರು (ಲೂಕ 13:31). ಅಪೊಸ್ತಲರನ್ನು ಕೊಲ್ಲದಂತೆ ನ್ಯಾಯಸಭೆಯಲ್ಲಿ ತಡೆದ ಗಮಲಿಯೇಲ ಫರಿಸಾಯ. ಪೌಲನಂತೂ ಕ್ರಿಸ್ತನ ಅಪೊಸ್ತಲನಾಗಿ ವರ್ಷಗಟ್ಟಲೆ ತಿರುಗಿ ಬಂದ ಮೇಲೆ, ಅದೇ ನ್ಯಾಯಸಭೆಯ ಮುಂದೆ ನಿಂತು, ನಾನು ಫರಿಸಾಯನು, ಫರಿಸಾಯರ ಮಗನು ಅಂದ. ಆಗಿದ್ದೆ ಅನ್ನಲಿಲ್ಲ.